ಅರ್ಜಿಗೆ ಮೊದಲು ಅಂಕಗಳ ಲೆಕ್ಕ ನೋಡಿ

ವಿದೇಶಿ ಫೆಲೋಶಿಪ್‌ಗೆ ಬರೆಯುವವರು ಆಯ್ಕೆಯ ಅಂಕ ಹಂಚಿಕೆಯನ್ನು ಎದುರಿಗಿಟ್ಟುಕೊಂಡು, ಪುಟಗಳನ್ನೂ ಅದೇ ಲೆಕ್ಕದಲ್ಲಿ ಹಂಚಿ. ಯುರೋಪಿಯನ್ ಒಕ್ಕೂಟದ ಮೇರಿ ಕ್ಯೂರಿ ಪೋಸ್ಟ್‌ಡಾಕ್ಟೋರಲ್ (ಪಿಎಚ್‌ಡಿ ನಂತರದ) ಫೆಲೋಶಿಪ್‌ನಲ್ಲಿ ಸಂಶೋಧನೆಯ ಗುಣಮಟ್ಟಕ್ಕೆ ಶೇ. 50, ಅದರ ಪರಿಣಾಮಕ್ಕೆ 30, ಜಾರಿಗೆ ತರುವ ಯೋಜನೆಗೆ 20. ಹೆಚ್ಚಿನವರು ಮೊದಲನೆಯದಕ್ಕೇ ಎಲ್ಲ ಶಕ್ತಿ ಸುರಿದು, ಉಳಿದ ಅರ್ಧವನ್ನು ಸುಮ್ನೆ ನಾಲ್ಕು ಸಾಲಲ್ಲಿ ಮುಗಿಸುತ್ತಾರೆ. ಅಂಕ ಕೊಡುವವರು ಒಂದೊಂದು ಅಂಶಕ್ಕೂ ಬೇರೆಬೇರೆಯಾಗಿ ಕೊಡುತ್ತಾರೆ. ಉತ್ತರ ಕಣ್ಣಿಗೆ ಬೀಳದಿದ್ದರೆ ಅಂಕವೂ ಇಲ್ಲ, ಅಲ್ವಾ? ಅರ್ಹತೆಯಲ್ಲೇ ಎಡವಿದರೆ ಮಾತ್ರ ಈ ಉಪಾಯ ದಂಡ: ಅರ್ಜಿಯ ಕೊನೆ ದಿನಕ್ಕೆ ಹಿಂದಿನ 36 ತಿಂಗಳಲ್ಲಿ, ಈ ಫೆಲೋಶಿಪ್‌ಗಾಗಿ ಹೋಗಬೇಕೆಂದಿರುವ ದೇಶದಲ್ಲಿ 12 ತಿಂಗಳಿಗಿಂತ ಜಾಸ್ತಿ ನೆಲೆಸಿದ್ದರೆ ಅಥವಾ ಕೆಲಸ ಮಾಡಿದ್ದರೆ ಸಾಮಾನ್ಯವಾಗಿ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಸಂದರ್ಶನವೇ ಮುಖ್ಯವಾದ ಕಡೆಯೂ ಇದರಿಂದ ಅಷ್ಟು ಲಾಭವಿಲ್ಲ.