ಕಬ್ಬಿನ ಕಾಟಾ ಕೆಲಸವನ್ನು ಚಿತ್ರಕ್ಕಿಳಿಸಿದ್ದು: ನನ್ನ ಅನುಭವ

ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಗೆ ಕಬ್ಬು ಖರೀದಿಯ ಸಾಫ್ಟ್‌ವೇರ್ ಮಾಡುವ ತಂಡದಲ್ಲಿ ನಾನು ಬಿಸಿನೆಸ್ ಅನಲಿಸ್ಟ್. ಕೈಗೆ ಬಂದ ರಿಕ್ವೈರ್‌ಮೆಂಟ್ ಕಡತದಲ್ಲಿ (ಸಾಫ್ಟ್‌ವೇರ್ ಏನೇನು ಮಾಡಬೇಕೆಂಬ ಪಟ್ಟಿ) ಒಂದು ಸಾಲಿತ್ತು: ‘ಗಾಡಿಯ ತೂಕವಾದ ಮೇಲೆ ಟನ್ನೇಜ್ ರೈತರ ಖಾತೆಗೆ ಜಮಾ ಆಗಬೇಕು.’ ಓದಿದವರೆಲ್ಲ ಸರಿ ಎಂದರು. ಅದನ್ನು ಸ್ಟೇಟ್ ಡಯಾಗ್ರಾಮ್ (ಒಂದು ವಸ್ತುವಿನ ಸ್ಥಿತಿಗಳನ್ನು ಡಬ್ಬಿಗಳಲ್ಲಿ, ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವುದನ್ನು ಬಾಣಗಳಲ್ಲಿ ತೋರಿಸುವ ಚಿತ್ರ) ಮಾಡಲು ಕೂತಾಗ ಮೊದಲ ಡಬ್ಬಿಯಲ್ಲೇ ಪ್ರಶ್ನೆ ಎದ್ದಿತು. ಯಾವ ತೂಕ?

ಕಬ್ಬು ತುಂಬಿದ ಟ್ರ್ಯಾಕ್ಟರ್ ಕಾಟಾ (ಗಾಡಿ ತೂಗುವ ತಕ್ಕಡಿ) ಮೇಲೆ ಒಮ್ಮೆ ನಿಲ್ಲುತ್ತದೆ, ಕಬ್ಬು ಇಳಿಸಿ ಖಾಲಿಯಾಗಿ ಮತ್ತೊಮ್ಮೆ ನಿಲ್ಲುತ್ತದೆ. ಎರಡರ ವ್ಯತ್ಯಾಸವೇ ಕಬ್ಬಿನ ತೂಕ. ಹೀಗಾಗಿ ‘ತೂಕವಾಗಿದೆ’ ಎಂಬ ಒಂದು ಡಬ್ಬಿಯ ಜಾಗದಲ್ಲಿ ಮೂರು ಬಂದವು: ತುಂಬಿದ ತೂಕ ಆಗಿದೆ, ಇಳಿಸಿದೆ, ಖಾಲಿ ತೂಕ ಆಗಿದೆ. ಪ್ರಿಂಟ್ ತೆಗೆದುಕೊಂಡು ಕಾಟಾ ರೂಮಿಗೆ ಹೋದೆ. ಅಲ್ಲಿನ ಹಿರಿಯರು ಕನ್ನಡಕ ಏರಿಸಿ, ಬೆರಳಿಟ್ಟು ಬಾಣಗಳನ್ನು ಒಂದೊಂದಾಗಿ ಹಿಡಿದು ನೋಡಿದರು.

“ತಮ್ಮಾ, ತುಂಬಿದ ತೂಕ ಆತು, ಆಮ್ಯಾಲೆ ಮಿಲ್ ಬಂದ್ ಬಿತ್ತು. ಗಾಡಿ ರಾತ್ರಿಪೂರ್ತಿ ಯಾರ್ಡ್‌ನ್ಯಾಗ ನಿಂದರತೈತಿ. ಬಿಲ್ಲಿಗೆ ಯಾವ ತಾರೀಖು ಹಾಕ್ತಿ?”

“ಕಾಕಾರ, ಈಗ ನೀವು ಏನ್ ಮಾಡ್ತೀರಿ?”

“ನಾವು ಎರಡೂ ಬರಕೋತೀವಿ. ನಿನ್ನ ಚಿತ್ರದಾಗ ಅದು ಎಲ್ಲೈತಿ?”

ಈ ತಾರೀಖಿನ ಮೇಲೆ ರೈತರ ದುಡ್ಡು ನಿಂತಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರುತ್ತದೆ. ಕಡತದಲ್ಲಿ ‘ನಿಯಮದಂತೆ ಪಾವತಿ’ ಎಂದಷ್ಟೇ ಇತ್ತು. ಸ್ಟೇಟ್ ಡಯಾಗ್ರಾಮ್‌ನಲ್ಲಿ ಕಾಲವೂ ಒಂದು ಘಟನೆಯೇ. ‘ಪಾವತಿ ಬಾಕಿ’ ಡಬ್ಬಿಯಿಂದ ‘14 ದಿನ ಕಳೆದರೆ’ ಎಂಬ ಬಾಣ ಎಳೆದು ‘ಬಡ್ಡಿ ಸೇರುವ ಬಾಕಿ’ಗೆ ಒಯ್ದೆ. ಆ ದಿನಗಳನ್ನು ಎಲ್ಲಿಂದ ಎಣಿಸಬೇಕೆಂದು ಕಾರ್ಖಾನೆಯ ಅಕೌಂಟ್ಸ್‌ನವರು ಲಿಖಿತವಾಗಿ ಹೇಳುವವರೆಗೆ ಆ ಸ್ಟೋರಿಯನ್ನು (ಸಾಫ್ಟ್‌ವೇರ್‌ನ ಒಂದು ಚಿಕ್ಕ ಬೇಡಿಕೆ) ಸ್ಪ್ರಿಂಟ್‌ಗೆ (ತಂಡದ ಕೆಲಸದ ಒಂದು ಕಂತು) ಸೇರಿಸಬಾರದೆಂದು ಪಟ್ಟು ಹಿಡಿದೆ. ಡೇಟಾಬೇಸ್‌ನಲ್ಲಿ ಎರಡೂ ವೇಳೆಗಳಿಗೆ ಬೇರೆ ಬೇರೆ ಕಾಲಂ ಆದವು.

ಇನ್ನೊಂದು ದೊಡ್ಡ ಲಾಭ ಕ್ಲಾಸ್ ಡಯಾಗ್ರಾಮ್‌ನಿಂದ ಬಂತು, ಅಂದರೆ ಯಾವುದಕ್ಕೆ ಯಾವುದರ ಸಂಬಂಧ ಎಂದು ತೋರಿಸುವ ಚಿತ್ರದಿಂದ. ಗಾಡಿ, ಕಟಾವು ಚೀಟಿ, ರೈತ, ಹೊಲ ಇವನ್ನು ಗೆರೆಯಿಂದ ಜೋಡಿಸಿದ ಮೇಲೆ ಗೆರೆಯ ಎರಡೂ ತುದಿಗೆ ಸಂಖ್ಯೆ ಬರೆಯಬೇಕಲ್ಲ. ಒಂದು ಖೇಪಿಗೆ (ಗಾಡಿಯ ಒಂದು ಲೋಡಿಗೆ) ಒಬ್ಬನೇ ರೈತನೇ? ಫೀಲ್ಡ್‌ಮನ್ ತಕ್ಷಣ ಅಲ್ಲವೆಂದರು. ಒಬ್ಬರ ಹೊಲ ಮುಗಿದು ಹಿಂದಿನ ಟ್ರೇಲರ್ ಅರ್ಧ ಖಾಲಿ ಉಳಿದರೆ, ಕಟಾವು ಗ್ಯಾಂಗಿನವರು ಪಕ್ಕದ ಹೊಲದ ಕಬ್ಬನ್ನು ಅದಕ್ಕೆ ತುಂಬುತ್ತಾರೆ. ‘1’ ಇದ್ದಲ್ಲಿ ‘1..*’ (ಒಂದು ಅಥವಾ ಹೆಚ್ಚು) ಬರೆದೆವು. ತೂಕ ಹಂಚುವ ಸ್ಕ್ರೀನ್ ಒಂದು ಹೊಸ ಸ್ಟೋರಿಯಾಗಿ ಬ್ಯಾಕ್‌ಲಾಗ್‌ಗೆ (ಮಾಡಬೇಕಾದ ಕೆಲಸಗಳ ಪಟ್ಟಿ) ಸೇರಿತು. ಹಂಗಾಮು ಶುರುವಾಗಿ ಗಾಡಿಗಳ ಸಾಲು ನಿಂತ ಮೇಲೆ ಇದು ಗೊತ್ತಾಗಿದ್ದರೆ ಟೇಬಲ್‌ಗಳನ್ನೇ ಬದಲಿಸಬೇಕಾಗುತ್ತಿತ್ತು.

ಎಲ್ಲವನ್ನೂ ಬಿಡಿಸಲು ಹೋಗಬೇಡಿ. ಲಾಗಿನ್, ವರದಿಗಳಿಗೆ ಸ್ಟೋರಿಯ ಮಾತೇ ಸಾಕು. ಒಂದು ವಸ್ತು ಹಲವು ಸ್ಥಿತಿ ದಾಟುತ್ತದೆಯಾದರೆ ಸ್ಟೇಟ್ ಡಯಾಗ್ರಾಮ್. ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆಯಾದರೆ ಪ್ರತಿಯೊಬ್ಬರಿಗೂ ಒಂದೊಂದು ಅಂಕಣ ಇಟ್ಟು ಕೆಲಸದ ಹೆಜ್ಜೆಗಳನ್ನು ಕ್ರಮವಾಗಿ ತೋರಿಸುವ ಆಕ್ಟಿವಿಟಿ ಡಯಾಗ್ರಾಮ್. ಯಾರು ಯಾವ ಕೆಲಸಕ್ಕೆ ಸಾಫ್ಟ್‌ವೇರ್ ಬಳಸುತ್ತಾರೆಂದು ತೋರಿಸುವ ಯೂಸ್ ಕೇಸ್ ಚಿತ್ರ ನನಗೆ ಅಷ್ಟು ಉಪಯೋಗಕ್ಕೆ ಬಂದಿಲ್ಲ, ಅದರಲ್ಲಿ ಕ್ರಮ ಕಾಣುವುದಿಲ್ಲ.

ಮೊದಲು ಬೋರ್ಡಿನ ಮೇಲೆ ಮಾರ್ಕರ್‌ನಲ್ಲಿ ಬಿಡಿಸುತ್ತೇವೆ. ಉಳಿಯಬೇಕಾದ್ದನ್ನು ಮಾತ್ರ ಪ್ಲಾಂಟ್‌ಯುಎಂಎಲ್‌ನಲ್ಲಿ (ಪಠ್ಯದಿಂದ ಚಿತ್ರ ಮಾಡುವ ಸಾಧನ) ಬರೆದು ಕೋಡ್ ಇರುವ ಗಿಟ್ ರೆಪೊಸಿಟರಿಯಲ್ಲೇ (ಪ್ರತಿ ಬದಲಾವಣೆಯ ದಾಖಲೆ ಇಡುವ ಕಣಜ) ಇಡುತ್ತೇವೆ. ಅದು ಬರೀ ಪಠ್ಯವಾದ್ದರಿಂದ ಯಾವ ಬಾಣ ಯಾವಾಗ ಬದಲಾಯಿತೆಂದು ರಿವ್ಯೂನಲ್ಲಿ ಕಾಣುತ್ತದೆ. ಟೆಸ್ಟರ್ ಪ್ರತಿ ಬಾಣಕ್ಕೂ ಒಂದು ಟೆಸ್ಟ್ ಬರೆಯುತ್ತಾರೆ, ಬಾಣ ಇಲ್ಲದ ಕಡೆಗೂ ಬರೆಯುತ್ತಾರೆ: ಖಾಲಿ ತೂಕವಾಗದ ಗಾಡಿಗೆ ಬಿಲ್ ಒತ್ತಿದರೆ ಸಾಫ್ಟ್‌ವೇರ್ ತಡೆಯಲೇಬೇಕು.