ಕೆಟ್ಟ ಚಿತ್ರವನ್ನು ತಾನೇ ತಿದ್ದಿಕೊಳ್ಳುವ ಸೆಲ್ಯುಲಾರ್ ಆಟೊಮ್ಯಾಟಾ: ನೀವೇ ಮಾಡಿ ನೋಡಿ

ಸೆಲ್ಯುಲಾರ್ ಆಟೊಮ್ಯಾಟಾ ಅಂದರೆ ಮನೆಗಳ ಸಾಲು, ಪ್ರತಿ ಮನೆಯೂ ಅಕ್ಕಪಕ್ಕ ನೋಡಿ, ನಿಯಮದ ಪ್ರಕಾರ ಸುತ್ತು ಸುತ್ತಿಗೂ ತನ್ನ ಅಂಕಿ ಬರೆದುಕೊಳ್ಳುತ್ತದೆ. ಅದಕ್ಕೆ ಒಂದು ಚಿತ್ರ ಕಲಿಸಿದೆ, ಅದು ಅಲುಗಾಡದೆ ನಿಂತಿತು ಎಂದು ಖುಷಿಪಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಒಂದು ಚುಕ್ಕೆ ಕೆಡಿಸಿ ಕೊಡಿ, ಅದೂ ಹಾಗೇ ನಿಲ್ಲುತ್ತದೆ! ಕೆಟ್ಟದ್ದನ್ನು ಕೊಟ್ಟಾಗ ಸರಿಯಾದದ್ದು ಹೊರಬಂದರೆ ಮಾತ್ರ ಅದು ನೆನಪು.

ಹೆಜ್ಜೆ 1: ಸಾಲಾಗಿ 10 ಮನೆ ಬರೆಯಿರಿ. ಪ್ರತಿ ಮನೆಯಲ್ಲಿ 0 ಅಥವಾ 1. ಕೊನೆಯ ಮನೆಯ ಪಕ್ಕದ್ದು ಮೊದಲನೆಯದು, ಬಳೆಯ ಹಾಗೆ. ಮೊದಲ ಸಲ ಕಾಗದದಲ್ಲೇ ಮಾಡಿ, ಕಂಪ್ಯೂಟರ್ ಆಮೇಲೆ.

ಹೆಜ್ಜೆ 2: ನೆನಪಿಡಬೇಕಾದ ಎರಡು ಚಿತ್ರ, ಅಂದರೆ ಹತ್ತು ಅಂಕಿಯ ಎರಡು ಸಾಲು, ಆರಿಸಿ. ಒಂದಕ್ಕೊಂದು ಆದಷ್ಟು ಬೇರೆ ಇರಲಿ.

ಹೆಜ್ಜೆ 3: ಎಲ್ಲರೂ ಎಡವುವುದು ಇಲ್ಲೇ. ಎಲ್ಲ ಮನೆಗೂ ಒಂದೇ ನಿಯಮ ಕೊಡಬೇಡಿ, ಪ್ರತಿ ಮನೆಗೂ ಅದರದೇ ಪಟ್ಟಿ ಬೇಕು. ಎಡ, ತಾನು, ಬಲ ಸೇರಿ ಮೂರು ಅಂಕಿ, ಅಂದರೆ ಪಟ್ಟಿಯಲ್ಲಿ 8 ಸಾಲು. ಒಂದು ಮನೆಯ ಸುತ್ತ ಮೊದಲ ಚಿತ್ರದಲ್ಲಿ 110, ಎರಡನೆಯದರಲ್ಲಿ 001 ಇದೆ ಅನ್ನಿ. ಹಾಗಾದರೆ 110 ಕಂಡರೆ ಮುಂದೆ 1, 001 ಕಂಡರೆ 0. ಬಹಳ ಜನ ಇಷ್ಟಕ್ಕೇ ನಿಲ್ಲಿಸಿ, ಉಳಿದ ಸಾಲುಗಳಲ್ಲಿ ಮನೆ ಇದ್ದ ಹಾಗೇ ಇರಲಿ ಎಂದು ಬಿಡುತ್ತಾರೆ. ಅಲ್ಲಿಗೆ ಅದು 204ನೇ ನಿಯಮ ಆಯ್ತು (111ರಿಂದ 000ವರೆಗಿನ ಎಂಟು ಉತ್ತರಗಳನ್ನು ಸಾಲಾಗಿ ಬರೆದು ಒಂದೇ ಬೈನರಿ ಸಂಖ್ಯೆಯಾಗಿ ಓದಿದರೆ ಸಿಗುವುದೇ ನಿಯಮದ ನಂಬರ್). ಏನು ಕೊಟ್ಟರೂ ಅದನ್ನೇ ವಾಪಸು ಕೊಡುತ್ತದೆ!

ಒಂದೊಂದೇ ಅಂಕಿ ಕೆಡಿಸಿ. 110 ಕೆಟ್ಟರೆ 010, 100, 111. ಈ ಮೂರಕ್ಕೂ 1 ಬರೆಯಿರಿ. 001 ಕೆಟ್ಟರೆ 101, 011, 000. ಇವಕ್ಕೆ 0. ಎಂಟೂ ಸಾಲು ತುಂಬಿತು, ಜಗಳವೂ ಇಲ್ಲ. ಸಿಕ್ಕಿದ್ದು 212ನೇ ನಿಯಮ.

ಆದರೆ ಒಂದರಲ್ಲಿ 110, ಇನ್ನೊಂದರಲ್ಲಿ 100 ಇದ್ದರೆ? ಕೆಟ್ಟ 110 ಕೂಡ 100 ಆಗಬಹುದು, ಅಲ್ವಾ? ಆಗ ಅಸಲಿ ಚಿತ್ರದ ಮಾತೇ ನಡೆಯಲಿ, 0 ಬರೆಯಿರಿ. ಆ ಮನೆ ಮಾತ್ರ ತನ್ನ ತಪ್ಪನ್ನು ತಿದ್ದಿಕೊಳ್ಳಲಾರದು. ಇಂಥ ಮನೆಗಳು ಜಾಸ್ತಿಯಾದರೆ ಅಕ್ಕಪಕ್ಕ ಎರಡೆರಡು ಮನೆ ನೋಡಿ. ಪಟ್ಟಿ 32 ಸಾಲಿಗೆ ಬೆಳೆಯುತ್ತದೆ, ಬೇರೆ ದಾರಿಯಿಲ್ಲ. ಖಾಲಿ ಉಳಿದ ಸಾಲಿಗೆ ಯಾವ ಚಿತ್ರ ಹತ್ತಿರವೋ ಅದು ಕೇಳಿದ್ದನ್ನು ಬರೆಯಿರಿ. ಮನಸ್ಸಿಗೆ ಬಂದದ್ದನ್ನು ತುಂಬುವ ಶಾರ್ಟ್‌ಕಟ್ ಬೇಡ. ರೆಡಿಮೇಡ್ ಸಾಫ್ಟ್‌ವೇರ್ ತರುವುದಾದರೆ ಮನೆಗೊಂದು ನಿಯಮ ಕೊಡಲು ಬಿಡುತ್ತದಾ ನೋಡಿಕೊಳ್ಳಿ. ಬಿಡದಿದ್ದರೆ ಈ ಕೆಲಸಕ್ಕೆ ಅದು ದಂಡ.

ಹೆಜ್ಜೆ 4: ಓಡಿಸಿ. ಹಳೆಯ ಸಾಲನ್ನು ನೋಡಿ ಹೊಸ ಸಾಲನ್ನು ಬೇರೆ ಕಡೆ ಬರೆಯಿರಿ. ಅಲ್ಲೇ ಅಳಿಸಿ ಬರೆದರೆ ಪಕ್ಕದ ಮನೆ ಅರ್ಧ ಹೊಸದು, ಅರ್ಧ ಹಳೆಯದು ನೋಡುತ್ತದೆ. ಎಲ್ಲ ಮನೆಯಲ್ಲೂ ಜಗಳವಿಲ್ಲದ ಪಟ್ಟಿ ಇದ್ದರೆ ಒಂದು ತಪ್ಪು ಒಂದೇ ಸುತ್ತಿನಲ್ಲಿ ಹೋಗುತ್ತದೆ. ಮೂರು ಮನೆ ದೂರ ಇರುವ ಎರಡು ತಪ್ಪೂ ಅಷ್ಟೇ. ಅಕ್ಕಪಕ್ಕದ ಎರಡು ತಪ್ಪಿಗೆ ಈ ಭರವಸೆ ಇಲ್ಲ.

ಹೆಜ್ಜೆ 5: 10 ಮನೆಗೆ ಇರುವುದೇ 1024 ಸ್ಥಿತಿ. ಕಂಪ್ಯೂಟರಿನಲ್ಲಿ ಅಷ್ಟನ್ನೂ ಓಡಿಸಿ, ಯಾವುದು ಎಲ್ಲಿ ನಿಂತಿತು ಎಂದು ಎಣಿಸಿ. ಕೆಲವು ಎಲ್ಲೂ ನಿಲ್ಲದೆ ಸುತ್ತುತ್ತಲೇ ಇರಬಹುದು. ಅದಕ್ಕೇ ಸುತ್ತಿಗೆ ಒಂದು ಮಿತಿ ಹಾಕಿ. ಮೊದಲ ಚಿತ್ರಕ್ಕೆ ಬಂದು ನಿಂತರೆ ಅದರ ಹೆಸರು, ಎರಡನೆಯದಕ್ಕೆ ಬಂದರೆ ಇದರ ಹೆಸರು. ಎರಡೂ ಅಲ್ಲದ ಕಡೆ ನಿಂತರೆ ಹತ್ತಿರದ್ದಕ್ಕೆ ಎಳೆದು ಸೇರಿಸಬೇಡಿ, ‘ಗುರುತು ಸಿಗಲಿಲ್ಲ’ ಎಂದೇ ಬರೆಯಿರಿ.