ಹಬ್ಬದ ದಿನ ದೊಡ್ಡಪ್ಪ 'ಎಂಟ್ರೊಪಿ' ಅಂದ್ರೆ ಜಗಳ ಆಗ್ದಂಗೆ ಹೆಂಗೆ ಉತ್ತರ ಕೊಡೋದು

ಮೂಡಿಗೆರೆ ಹತ್ರ ನಮ್ಮನೇಲಿ ಹಿರಿಯರ ಹಬ್ಬದ ದಿನ ಕಡುಬು ಕೋಳಿಸಾರು ಮುಗಿಸಿ ಎಲ್ರೂ ಜಗಲಿ ಮೇಲೆ ಕೂತಿದ್ವಿ, ತಂಗಿ ಮಗ ಪಿಯುಸಿ ಸೈನ್ಸು, ವಿಕಾಸವಾದ ಅದು ಇದು ಅಂತ ಹೇಳ್ತಿದ್ದ, ದೊಡ್ಡಪ್ಪ ಫೋನ್ ತೆಗ್ದು ಒಂದು ವಿಡಿಯೋ ತೋರ್ಸಿ "ನೋಡೋ, ಸೈನ್ಸೇ ಹೇಳುತ್ತೆ, ಎಲ್ಲಾ ಹಾಳಾಗ್ತಾನೇ ಹೋಗ್ಬೇಕು ಅಂತ. ಬಿಟ್ಟ ಮನೆ ಬೀಳುತ್ತೆ, ತಾನಾಗೇ ಏಳುತ್ತೇನೋ? ಮತ್ತೆ ಹುಳ ಹುಪ್ಪಟೆಯಿಂದ ಮನುಷ್ಯ ಹೆಂಗಾದ, ದೇವ್ರಿಲ್ದೆ?" ಅಂದ್ರು. ಹುಡುಗ "ನಿಮಗೆ ಅದೆಲ್ಲ ಅರ್ಥ ಆಗಲ್ಲ ಬಿಡಿ ಅಜ್ಜ" ಅಂದ. ಅಲ್ಲಿಗೆ ಹಬ್ಬ ಮುಗೀತು. ಅದನ್ನ ಸರಿ ಮಾಡೋಕೆ ನನಗೆ ಒಂದು ಸಂಜೆ ಪೂರ್ತಿ ಬೇಕಾಯ್ತು, ಹಂಗಾಗಿ ನಿಮ್ಮನೇಲೂ ಇದೇ ಮಾತು ಬಂದ್ರೆ ಏನ್ ಮಾಡ್ಬೇಕು ಅಂತ ಬರೀತಿದೀನಿ.

ಮೊದಲನೇ ಕೆಲಸ, ದೊಡ್ಡಪ್ಪ ಹೇಳಿದ್ರಲ್ಲಿ ಸರಿ ಇರೋದನ್ನ ಒಪ್ಕೊಳಿ. ಬಿಟ್ಟ ಮನೆ ಬೀಳೋದು ನಿಜ, ನಿಯಮ ಇರೋದೂ ನಿಜ, ಅದಕ್ಕೆ ಥರ್ಮೋಡೈನಾಮಿಕ್ಸಿನ (ಶಾಖದ ವಿಜ್ಞಾನದ) ಎರಡನೇ ನಿಯಮ ಅಂತಾರೆ. ಆದ್ರೆ ಆ ವಿಡಿಯೋದಲ್ಲಿ ನಿಯಮದ ಅರ್ಧ ಸಾಲು ನುಂಗಿಬಿಟ್ಟಿರ್ತಾರೆ. ಪೂರ್ತಿ ಸಾಲು ಏನಂದ್ರೆ, ಹೊರಗಿಂದ ಏನೂ ಒಳಗೆ ಬರ್ದೇ ಒಳಗಿಂದ ಏನೂ ಹೊರಗೆ ಹೋಗ್ದೇ ಇರೋ ಡಬ್ಬದೊಳಗೆ ಎಂಟ್ರೊಪಿ, ಅಂದ್ರೆ ಸ್ಥೂಲವಾಗಿ ಚೆಲ್ಲಾಪಿಲ್ಲಿ ಎಷ್ಟಿದೆ ಅನ್ನೋ ಲೆಕ್ಕ, ಕಮ್ಮಿ ಆಗಲ್ಲ. ಡಬ್ಬ ಬಿಗಿಯಾಗಿ ಮುಚ್ಚಿರ್ಬೇಕು, ಅದೇ ಮುಖ್ಯ. ವಿಕಾಸವಾದದ ಡಾರ್ವಿನ್ ಪುಸ್ತಕ ಬಂದಿದ್ದು 1859ರಲ್ಲಿ, ಭೌತವಿಜ್ಞಾನಿ ಕ್ಲಾಸಿಯಸ್ ಎಂಟ್ರೊಪಿ ಅನ್ನೋ ಹೆಸ್ರಿಟ್ಟಿದ್ದು 1865ರಲ್ಲಿ, ಎರಡೂ ಹೆಚ್ಚುಕಮ್ಮಿ ಒಂದೇ ಕಾಲದ್ದು. ಎಂಟ್ರೊಪಿಯನ್ನ ಲೆಕ್ಕಕ್ಕೆ ತಂದ ಬೋಲ್ಟ್ಸ್‌ಮನ್ನು ಡಾರ್ವಿನ್ನನ ದೊಡ್ಡ ಅಭಿಮಾನಿ. ಇವೆರಡು ಒಂದಕ್ಕೊಂದು ಹೊಡ್ದಾಡೋ ಹಂಗಿದ್ರೆ ಮೊದಲು ಗೊತ್ತಾಗ್ಬೇಕಿದ್ದಿದ್ದು ಆ ಮನುಷ್ಯನಿಗೇ.

ಆಮೇಲೆ ಮಾತು ನಿಲ್ಸಿ, ಕೈ ಹಿಡ್ಕೊಂಡು ಫ್ರಿಡ್ಜ್ ಹತ್ರ ಕರ್ಕೊಂಡೋಗಿ. ಒಳಗೆ ಐಸ್ ಟ್ರೇ ತೋರ್ಸಿ, ನೀರಾಗಿದ್ದಾಗ ಎಲ್ಲೆಂದ್ರಲ್ಲಿ ಓಡಾಡ್ತಿದ್ದ ಕಣಗಳು ಈಗ ಸಾಲಾಗಿ ಕೂತಿವೆ, ಅಂದ್ರೆ ಅಲ್ಲಿ ಎಂಟ್ರೊಪಿ ಇಳಿದಿದೆ. ಈಗ ಫ್ರಿಡ್ಜಿನ ಹೊರಮೈಗೆ, ಮಗ್ಗುಲ ತಗಡಿನ ಮೇಲೆ ಕೈ ಇಡೋಕೆ ಹೇಳಿ. ಬಿಸಿ ಇರುತ್ತೆ. ಒಳಗೆ ಇಳಿದಿದ್ದಕ್ಕಿಂತ ಜಾಸ್ತಿ ಹೊರಗೆ ಏರಿರುತ್ತೆ, ಒಟ್ಟು ಲೆಕ್ಕ ಯಾವತ್ತೂ ತಪ್ಪಲ್ಲ. (ಕರೆಂಟ್ ಇದ್ಯಾ ಅಂತ ಮೊದ್ಲೇ ನೋಡ್ಕೊಳಿ. ನಾನು ಕರ್ಕೊಂಡೋದಾಗ ಮಳೆಗೆ ಲೈನ್ ಹೋಗಿತ್ತು, ಮಗ್ಗುಲ ತಗಡು ತಣ್ಣಗಿತ್ತು, ಐಸ್ ಕರಗಿ ನೀರು ತೊಟ್ಟಿಕ್ತಿತ್ತು. ನನ್ನ ಮಾನ ಹೋಯ್ತು ಅನ್ಕೊಂಡೆ, ಆದ್ರೆ ದೊಡ್ಡಪ್ಪನೇ "ಕರೆಂಟಿಲ್ದೆ ಎಲ್ಲಿಂದ ಆಗುತ್ತೆ ಮಾರಾಯ" ಅಂದ್ರು. ನನಗೆ ಬೇಕಿದ್ದಿದ್ದೇ ಆ ಮಾತು.)

ಭೂಮಿನೂ ಬಿಗಿಯಾಗಿ ಮುಚ್ಚಿದ ಡಬ್ಬ ಅಲ್ಲ, ಭೂಮಿಯ ಕರೆಂಟು ಸೂರ್ಯ. ಅದರ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್, ಅಲ್ಲಿಂದ ಬಂದ ಬೆಳಕನ್ನ ಭೂಮಿ ಉಪಯೋಗಿಸ್ಕೊಂಡು ಮಂದ ಶಾಖ ಮಾಡಿ ಆಕಾಶಕ್ಕೆ ವಾಪಸ್ ಎಸೆಯುತ್ತೆ, ಬಂದ ಒಂದೊಂದು ಬೆಳಕಿನ ಕಣಕ್ಕೆ ಹೆಚ್ಚುಕಮ್ಮಿ ಇಪ್ಪತ್ತು ಕಣ ಹೊರಗೆ ಹೋಗುತ್ತೆ. ಬಂದಷ್ಟೇ ಶಕ್ತಿ ಹೋಗುತ್ತೆ, ಆದ್ರೆ ಚಿಲ್ರೆ ಆಗಿ ಹೋಗುತ್ತೆ. ಆ ಚಿಲ್ರೆ ಆಗೋದ್ರಲ್ಲೇ ಎಂಟ್ರೊಪಿ ಸಿಕ್ಕಾಪಟ್ಟೆ ಏರುತ್ತೆ, ಅದರ ಮುಂದೆ ಇಲ್ಲಿ ಕಾಡು ಬೆಳೆದು ಆನೆ ಹುಟ್ಟಿ ಇಳಿಸೋದು ಏನೇನೂ ಅಲ್ಲ.

ಈಗ ಬರುತ್ತೆ ಕಷ್ಟದ ಪ್ರಶ್ನೆ, ದೊಡ್ಡಪ್ಪ ಬಿಡಲ್ಲ: "ಬಿಸ್ಲು ಬಿದ್ರೆ ಸಾಕಾ? ಅಂಗಳದಲ್ಲಿ ಕಾಫಿ ಹರಡಿದ್ರೆ ಒಣಗುತ್ತೆ ಅಷ್ಟೇ, ಫ್ರಿಡ್ಜ್ ಆಗುತ್ತಾ?" ಇದನ್ನ ನಗಾಡಬೇಡಿ, ಸರಿಯಾದ ಪ್ರಶ್ನೆ ಇದು. ಬರೀ ಶಕ್ತಿ ಸಾಲದು, ಆರಿಸೋ ದಾರಿ ಒಂದು ಬೇಕು. ಇಲ್ಲಿ ಕ್ಯೂರಿಂಗ್ ವರ್ಕ್ಸಿನ (ಕಾಫಿ ಬೀಜ ಸಿಪ್ಪೆ ತೆಗ್ದು ವಿಂಗಡಿಸೋ ಕಾರ್ಖಾನೆ) ಜರಡಿ ನೆನಪಿಸಿ. ಜರಡಿಗೆ ಕಾಫಿ ಅಂದ್ರೇನು ಅಂತ ಗೊತ್ತಿಲ್ಲ, ತೂತಿದೆ, ಅಲ್ಲಾಡುತ್ತೆ, ಆದ್ರೂ ಕಲಬೆರಕೆ ಬೀಜ ಹಾಕಿದ್ರೆ ದಪ್ಪದ್ದು ಬೇರೆ ಸಣ್ಣದ್ದು ಬೇರೆ ಆಗಿ ಬೀಳುತ್ತೆ. ಮೋಟ್ರು ಬಿಸಿ ಆಗುತ್ತೆ, ಲೆಕ್ಕ ಸರಿಹೋಗುತ್ತೆ. "ಜರಡಿ ಮಾಡ್ದೋನು ಒಬ್ಬ ಇದಾನಲ್ಲ" ಅಂತಾರೆ, ಆಗ ತೋಟಕ್ಕೆ ಬನ್ನಿ, ಯಾರೂ ಮಾಡ್ದೇ ಇರೋ ಜರಡಿ ಅಲ್ಲಿದೆ. ಎಲೆ ತುಕ್ಕು ರೋಗ, ಕಾಫಿ ಎಲೆಗೆ ಹತ್ತೋ ಒಂದು ಬೂಷ್ಟು. ಕೆಂಟ್ಸ್ ಅನ್ನೋ ಕಾಫಿ ತಳಿಗೆ ತುಕ್ಕು ತಗಲಲ್ಲ ಅಂತ ಜನ ಹಾಕಿದ್ರು, ಕೆಲವು ವರ್ಷಕ್ಕೆ ಅದನ್ನೂ ತಿನ್ನೋ ತುಕ್ಕು ಬಂತು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ ಎಸ್.795 ಅನ್ನೋ ತಳಿ ಬಂತು, ಕೊನೆಗೆ ಅದಕ್ಕೂ ಹತ್ತಿತು. ಆ ಬೂಷ್ಟಿಗೆ ಯಾರೂ ಪಾಠ ಹೇಳಿಕೊಟ್ಟಿಲ್ಲ, ಕೋಟಿಗಟ್ಟಲೆ ಬೀಜಕಣದಲ್ಲಿ ಒಂದೆರಡು ಚೂರು ಬೇರೆ ಥರ ಇರ್ತವೆ, ಗಿಡದ ತಡೆ ಅನ್ನೋ ಜರಡಿ ಉಳಿದಿದ್ದನ್ನೆಲ್ಲ ಕೊಂದು ಅವನ್ನ ಬಿಡುತ್ತೆ, ಅವು ಹೆಚ್ತಾವೆ. ದೊಡ್ಡಪ್ಪ ಮೂವತ್ತು ವರ್ಷ ಬೋರ್ಡೋ ದ್ರಾವಣ (ಮೈಲುತುತ್ತ ಸುಣ್ಣದ ಔಷಧಿ) ಹೊಡ್ದಿದ್ದು ಇದರ ಮೇಲೇ. ಇನ್ನೂ ಬೇಕಂದ್ರೆ ಅರೇಬಿಕಾ ಕಾಫಿನೇ ಇದೆ, ಅದು ರೋಬಸ್ಟಾ ಜಾತಿ ಮತ್ತೆ ಇನ್ನೊಂದು ಕಾಡುಕಾಫಿ ಆಫ್ರಿಕಾದಲ್ಲಿ ತಾವಾಗೇ ಬೆರೆತು ಆಗಿರೋ ಹೊಸ ಜಾತಿ, ರೋಬಸ್ಟಾಗೆ 22 ಕ್ರೋಮೋಸೋಮು (ಜೀವಕೋಶದೊಳಗೆ ವಂಶದ ಗುಣ ಹೊತ್ತಿರೋ ಎಳೆ), ಇದಕ್ಕೆ 44.

ಮೊಟ್ಟಮೊದಲ ಜೀವ ಹೆಂಗೆ ಹುಟ್ತು ಅಂತ ಕೇಳಿದ್ರೆ ಅದಿನ್ನೂ ಬಗೆಹರಿದಿಲ್ಲ ಅಂತ ನೇರ ಹೇಳಿ, ಸುಳ್ಳು ಧೈರ್ಯ ತೋರಿಸ್ಬೇಡಿ.

ದೇವ್ರ ವಿಷ್ಯ ಕೊನೇಗಿಟ್ಕೊಳಿ. ಮುಖ್ಯವಾಗಿ ಬೇಲೂರಿನ ಗೋಡೆ ತೋರ್ಸಿ ಮತ್ಸ್ಯ ಕೂರ್ಮ ವರಾಹ ಅಂದ್ರೆ ವಿಕಾಸವಾದವೇ ಅಂತ ಹೇಳೋ ಆಟ ಬೇಡ. ದೊಡ್ಡಪ್ಪನಿಗೆ ಖುಷಿ ಆಗುತ್ತೆ ನಿಜ, ಆದ್ರೆ ಅಲ್ಲಿ ಮೀನು ಆಮೆಗೆ ಅಜ್ಜ ಅಲ್ಲ, ಎಲ್ಲಾ ಒಬ್ಬ ವಿಷ್ಣುನೇ, ಅದು ಭಕ್ತಿಯ ಕಥೆ. ಅದನ್ನ ಬಯಾಲಜಿ ಮಾಡಿದ್ರೆ ಎರಡೂ ಕೆಡುತ್ತೆ. ಅದ್ರ ಬದ್ಲು ಶ್ರವಣಬೆಳಗೊಳದ ಮಾತು ತೆಗೀರಿ. ಜೈನರು ಜಗತ್ತನ್ನ ಯಾರೂ ಸೃಷ್ಟಿ ಮಾಡಿಲ್ಲ, ಅದು ಅನಾದಿ ಅಂತಾರೆ, ಹಂಗಂತ ಹನ್ನೆರಡು ವರ್ಷಕ್ಕೊಮ್ಮೆ ಬಾಹುಬಲಿಗೆ ಮಸ್ತಕಾಭಿಷೇಕ ಮಾಡೋದು ಬಿಟ್ಟಿದಾರಾ? 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಕೂಡ ವಿಕಾಸವಾದ ಬರೀ ಊಹೆಗಿಂತ ಹೆಚ್ಚಿನದು ಅಂದ್ರು, ಚರ್ಚು ಬಾಗಿಲು ಹಾಕ್ಲಿಲ್ಲ.

ಇಷ್ಟೆಲ್ಲಾ ಕೇಳಿ ದೊಡ್ಡಪ್ಪ ಎಲೆಅಡಿಕೆ ಮಡಚ್ತಾ "ಸರಿನಪ್ಪ, ಆ ಸೂರ್ಯನ್ನ ಹಚ್ಚಿದ್ದು ಯಾರು?" ಅಂದ್ರು. ಅನಿಲದ ಮೋಡ ತನ್ನ ಭಾರಕ್ಕೇ ಕುಸಿದು ಬಿಸಿ ಆಗಿ ಹತ್ಕೊಂತು ಅಂದೆ. "ಆ ಮೋಡ?" ಅಂದ್ರು. ಹುಡುಗ ಬಾಯಿ ತೆಗ್ದ, ತೊಡೆ ಚಿವುಟಿ ಸುಮ್ನಿರಿಸಿದೆ, ಅಷ್ಟರಲ್ಲಿ ಕರೆಂಟೂ ಬಂತು.